ಇಸ್ತ್ರಿ ಮೇಸ್ತ್ರಿಗೆ ಇಬ್ಬರು ದುಭಾಷಿಗಳು

ಆ ದೊಡ್ಡ ಲಾಂಡ್ರಿಯಲ್ಲಿ ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ‘ಏರ್ಪಾಡು’ ಎಂದು. ಅಪ್ಪ ಅಮ್ಮ ಇಟ್ಟ ಹೆಸರೂ ಒಂದಿತ್ತು, ಆದರೆ ಅದನ್ನು ಬಳಸುವ ಅಗತ್ಯ ಅಲ್ಲಿ ಯಾರಿಗೂ ಬಿದ್ದಿರಲಿಲ್ಲ. ಮೀಟಿಂಗ್ ಇದೆಯೆಂದರೆ ಕುರ್ಚಿ ಹಾಕಿಸುವವನು ಅವನು, ಮೈಕು ಕಿರುಚಿದರೆ ಓಡುವವನು ಅವನು, ಟೀ ತಣ್ಣಗಾದರೆ ಬೈಸಿಕೊಳ್ಳುವವನೂ ಅವನೇ. ಪದವಿ ಮುಗಿಸಿ ಬಂದು ‘ಆಡಳಿತ ವಿಭಾಗ’ ಎಂಬ ಫಲಕದ ಕೆಳಗೆ ಮೊದಲ ದಿನ ಕೂತಾಗ, ಮುಂದೊಂದು ದಿನ ಈ ಕಂಪನಿಯನ್ನು ತಾನೇ ನಡೆಸುವ ಕನಸು ಕಂಡಿದ್ದ. ಇಷ್ಟು ದಿನದಲ್ಲಿ ಅವನು ಗಟ್ಟಿಯಾಗಿ ಕಲಿತ ವಿದ್ಯೆ ಒಂದೇ: ಯಾವ ಕುರ್ಚಿಯ ಕಾಲು ಅಲ್ಲಾಡುತ್ತದೆ, ಅದರಲ್ಲಿ ಯಾರನ್ನು ಕೂರಿಸಿದರೆ ಮೀಟಿಂಗ್ ಬೇಗ ಮುಗಿಯುತ್ತದೆ ಎಂಬುದು. ಅವನ ಅಮ್ಮ ಮಾತ್ರ ನೆಂಟರ ಮುಂದೆ, “ನಮ್ಮವನಿಲ್ಲದೆ ಅಲ್ಲಿ ಒಂದು ಮೀಟಿಂಗೂ ನಡೆಯಲ್ಲ” ಎನ್ನುತ್ತಿದ್ದಳು. ಸುಳ್ಳೇನಲ್ಲ. ನೆಲದ ಮೇಲೆ ಕೂತು ಯಾರೂ ಮೀಟಿಂಗ್ ಮಾಡುವುದಿಲ್ಲ.

ಆಫೀಸು ಮೇಲೆ, ಕೆಲಸವೆಲ್ಲ ಕೆಳಗೆ. ಕೆಳಗಿನ ಹಾಲ್‌ನಲ್ಲಿ ಊರಿನ ಆಸ್ಪತ್ರೆಗಳ ಹಸಿರು ಬಟ್ಟೆ, ಹೋಟೆಲುಗಳ ಬಿಳಿ ಹಾಸಿಗೆ ಬಟ್ಟೆ, ಗುಡ್ಡೆಗುಡ್ಡೆ ಟವೆಲು. ಒಗೆಯುವ ಯಂತ್ರಗಳ ಸದ್ದಿಗೆ ಅಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದು ಕನಸಿನ ಮಾತು. ಆ ಸದ್ದಿನ ತುದಿಯಲ್ಲಿ, ಬಿಸಿ ರೋಲರಿನ ಮುಂದೆ ನಿಂತು ಒದ್ದೆ ಬಟ್ಟೆಯ ಅಂಚು ಹಿಡಿದು ಒಳಗೆ ಬಿಡುವ ಕೆಲಸ ಇಸ್ತ್ರಿ ಮೇಸ್ತ್ರಿಯವರದು. ತೆಳ್ಳನೆಯ ಮೈ, ನರೆತ ಮೀಸೆ, ಸದಾ ಮಡಚಿದ ತೋಳಿನ ಅಂಗಿ. ಹುಟ್ಟಿದಾಗಿನಿಂದ ಕಿವಿ ಕೇಳದು. ಏರ್ಪಾಡು ಕೆಳಗೆ ಹೋದಾಗಲೆಲ್ಲ ಅವರನ್ನು ನೋಡಿ ನಗುತ್ತಿದ್ದ, ಅವರೂ ನಗುತ್ತಿದ್ದರು. ಆಫೀಸಿನಲ್ಲಿ ಅವರ ಮಾತು ಬಂದರೆ ಎಲ್ಲರೂ ಒಂದೇ ರಾಗ: “ಪಾಪ, ಸಾಧು ಮನುಷ್ಯ.”

ಈ ಸಾಧು ಮನುಷ್ಯ ಒಂದು ಬೆಳಗ್ಗೆ ಮ್ಯಾನೇಜರಮ್ಮನ ಕೋಣೆಗೆ ಬಂದರು. ಹಿಂದೆ ಅವರ ಹೆಂಡತಿಯ ತಮ್ಮ, ಲಾಂಡ್ರಿಯ ವ್ಯಾನ್ ಡ್ರೈವರ್. ಡ್ರೈವರನ ಅಕ್ಕನಿಗೂ ಕಿವಿ ಕೇಳಿಸದು, ಹಾಗಾಗಿ ಅವನಿಗೆ ಮಾತು ಬರುವ ಮೊದಲೇ ಅಕ್ಕನ ಕೈಭಾಷೆ ಬಂದಿತ್ತು. ಅಕ್ಕನ ಗಂಡನೂ ಅವನೂ ಒಂದೇ ಕಡೆ ಕೆಲಸಕ್ಕೆ ಸೇರಿದ ಮೇಲೆ ಲಾಂಡ್ರಿಯಲ್ಲಿ ಮೇಸ್ತ್ರಿಯವರ ಬಾಯಿ ಎಂದರೆ ಈ ಬಾಮೈದನೇ.

ಪ್ರೊಜೆಕ್ಟರಿನ ವೈರು ಸುತ್ತುತ್ತ ಮೂಲೆಯಲ್ಲಿ ಕೂತಿದ್ದ ಏರ್ಪಾಡು ಕಿವಿ ನಿಮಿರಿಸಿದ. ಹೊಸ ರೋಲರ್ ಯಂತ್ರ ಬರುವುದಿತ್ತು, ಜೊತೆಗೆ ಹೊಸಬರ ತಂಡವೂ. ಅವರಿಗೆ ಕಲಿಸಲು ಒಬ್ಬ ತರಬೇತುದಾರ ಬೇಕು ಎಂದು ದೊಡ್ಡಾಫೀಸಿನಿಂದ ಆದೇಶ ಬಂದಿತ್ತು. ಹಿಂದೆ ಎರಡು ಸಲ ಈ ಜಾಗ ಖಾಲಿಯಾದಾಗ ಮೇಸ್ತ್ರಿ ಕೇಳಿದ್ದರು, ಎರಡು ಸಲವೂ ಅದು ಅವರ ಕೈಕೆಳಗೆ ಕೆಲಸ ಕಲಿತವರಿಗೇ ಹೋಗಿತ್ತು. ಇನ್ನು ಈ ಸಲವೂ ತಪ್ಪಿದರೆ ನಿವೃತ್ತಿಯಾಗುವ ತನಕ ರೋಲರಿನ ಕಾವಿಗೆ ಮುಖ ಒಡ್ಡಿ ನಿಲ್ಲುವುದೇ ಗತಿ.

“ಮೇಡಂ, ಭಾವ ಒಂದು ಮಾತು ಹೇಳೋಕೆ ಬಂದಿದ್ದಾರೆ,” ಎಂದ ಡ್ರೈವರ್.

ಮೇಸ್ತ್ರಿಯ ಕೈಗಳು ಆಡಿದವು. ಡ್ರೈವರನ ಮುಖ ಸಪ್ಪಗಾಯಿತು.

“ಈ ಸಲದ ಇಂಟರ್‌ವ್ಯೂಗೆ ನಾನು ಬೇಡವಂತೆ.”

“ನೀನು ಅಂದ್ರೆ?”

“ನಾನು ಅಂದ್ರೆ ನಾನೇ ಮೇಡಂ. ಭಾವನ ಬದಲು ಮಾತಾಡೋಕೆ ನಾನು ಬೇಡವಂತೆ.”

“ಯಾಕಂತೆ?”

ಮೇಸ್ತ್ರಿಯ ಕೈಗಳು ಈ ಸಲ ಬಹಳ ಹೊತ್ತು ಆಡಿದವು. ಹುಬ್ಬು ಮೇಲೆ ಕೆಳಗೆ ಹೋಯಿತು, ಕೆನ್ನೆ ಉಬ್ಬಿತು, ಒಮ್ಮೆ ಡ್ರೈವರನ ಎದೆಗೇ ಬೆರಳು ಚುಚ್ಚಿತು. ಡ್ರೈವರ್ ನೆಲ ನೋಡಿದ.

“ನಾನು ಅರ್ಧ ಹೇಳ್ತೀನಂತೆ.”

“ಇಷ್ಟುದ್ದ ಹೇಳಿದ್ದು ಅಷ್ಟೇನಾ?”

“ಉಳಿದಿದ್ದು ಬೈಗುಳ ಮೇಡಂ. ಅದು ಯಾಕೆ ಬಿಡಿ.”

ಮೇಸ್ತ್ರಿ ಮೇಜಿನ ಮೇಲೆ ಎರಡೂ ಅಂಗೈ ಊರಿ ಮ್ಯಾನೇಜರಮ್ಮನನ್ನೇ ನೋಡುತ್ತ ನಿಂತರು. ಹೊರಗಿನಿಂದ ಬರುವ ದುಭಾಷಿ ಬೇಕು, ಸಂಜ್ಞಾಭಾಷೆ ಕಲಿತು ಅದೇ ಕೆಲಸ ಮಾಡುವವರು ಬೇಕು, ಇಲ್ಲದಿದ್ದರೆ ಇಂಟರ್‌ವ್ಯೂಗೇ ಬರುವುದಿಲ್ಲ ಎನ್ನುವುದು ಅವರ ಹಟ. ತನ್ನನ್ನೇ ಕೆಲಸದಿಂದ ತೆಗೆಯುವ ಮಾತನ್ನು ತಾನೇ ಬಾಯಾರೆ ಹೇಳಬೇಕಾದ ಡ್ರೈವರನನ್ನು ನೋಡಿ ಏರ್ಪಾಡಿಗೆ ನಗು ಬಂತು. ಆ ನಗು ಬಾಯಲ್ಲಿರುವಾಗಲೇ ಮ್ಯಾನೇಜರಮ್ಮ ಅವನ ಕಡೆ ತಿರುಗಿದರು.

“ನೀನು ಏರ್ಪಾಡು ಮಾಡು.”

ನಗು ಅಲ್ಲಿಗೇ ಇಂಗಿತು.

ಇಲ್ಲಿ ಅಲ್ಲಿ ವಿಚಾರಿಸಿ ಕೊನೆಗೆ ಒಂದು ದುಭಾಷಿಗಳ ಸಂಘದ ನಂಬರು ಸಿಕ್ಕಿತು. ಒಬ್ಬ ಹೆಂಗಸು ಫೋನ್ ಎತ್ತಿದರು. ಏರ್ಪಾಡು ತನ್ನ ಎಂದಿನ ಧಾಟಿಯಲ್ಲೇ, ಶಾಮಿಯಾನದವನ ಜೊತೆ ಮಾತಾಡುವಂತೆ ಶುರು ಮಾಡಿದ.

“ನಮಗೆ ಒಂದು ದುಭಾಷಿ ಬೇಕಾಗಿತ್ತು. ಬರೋ ಬುಧವಾರಕ್ಕೆ.”

“ಯಾರಿಗೆ?”

“ನಮ್ಮ ಲಾಂಡ್ರಿಯಲ್ಲೊಬ್ಬರು ಮೇಸ್ತ್ರಿ, ಶ್ರವಣ... ಅಂದ್ರೆ ಕಿವಿ ಸ್ವಲ್ಪ... ವಿಶೇಷವಾದ...”

“ಕಿವುಡರು ಅನ್ನಿ. ಅವರೇ ಹಾಗಂತಾರೆ, ನಿಮಗ್ಯಾಕೆ ಸಂಕೋಚ?” ಆ ದನಿಯಲ್ಲಿ ನಗುವಿಲ್ಲ, ಸಿಟ್ಟೂ ಇಲ್ಲ. ಬ್ಯಾಂಕಿನ ಕೌಂಟರಿನ ದನಿ. “ಎಷ್ಟು ಹೊತ್ತಿನ ಮೀಟಿಂಗು?”

“ಒಂದೂವರೆ ಗಂಟೆ ಆಗಬಹುದು.”

“ಹಾಗಾದ್ರೆ ಇಬ್ಬರು ಬರ್ತೀವಿ.”

ಏರ್ಪಾಡಿಗೆ ಇದು ಮೈಕಿನವನು ಒಂದು ಸಾಕೆಂದರೂ ಎರಡು ಸ್ಪೀಕರು ತಂದಂತೆ ಕೇಳಿಸಿತು. “ಇಬ್ಬರು ಯಾಕೆ ಮೇಡಂ? ಒಬ್ಬರು ಬಲಗೈ, ಇನ್ನೊಬ್ಬರು ಎಡಗೈನಾ?”

ತನ್ನ ಜೋಕು ಬಿದ್ದ ಸದ್ದು ಏರ್ಪಾಡಿಗೆ ಕೇಳಿಸಿತು.

“ನೀವು ಒಂದು ಕೆಲಸ ಮಾಡಿ,” ಎಂದರು ಅವರು ಅದೇ ದನಿಯಲ್ಲಿ. “ಟೀವಿ ಹಾಕಿ, ವಾರ್ತೆ ಓದೋರು ಏನೇನು ಹೇಳ್ತಾರೋ ಅದನ್ನೆಲ್ಲ ಅವರ ಜೊತೆಜೊತೆಗೇ ನಿಮ್ಮ ಮಾತಲ್ಲಿ ಹೇಳ್ತಾ ಹೋಗಿ. ಒಂದೂ ಬಿಡಬಾರದು, ಒಂದೂ ಸೇರಿಸಬಾರದು. ಎಷ್ಟು ಹೊತ್ತು ಆಗುತ್ತೆ ನೋಡಿ. ಇಪ್ಪತ್ತು ನಿಮಿಷಕ್ಕೆ ತಲೆ ಕೈಕೊಡುತ್ತೆ. ಅದಕ್ಕೇ ಇಬ್ಬರು, ಸರದಿ ಮೇಲೆ. ಸರಿ, ಮೀಟಿಂಗಲ್ಲಿ ಏನೇನು ಮಾತಾಡ್ತಾರೆ ಅಂತ ಮೊದಲೇ ಕಳಿಸಿ. ನಿಮ್ಮ ಯಂತ್ರಗಳ ಹೆಸರೂ ಕಳಿಸಿ. ಕೋಣೆಯಲ್ಲಿ ಕಿಟಕಿ ಯಾವ ಕಡೆ ಇದೆ?”

“ಕಿಟಕಿ?”

“ಕಿಟಕಿ.”

ಏರ್ಪಾಡು ಫೋನ್ ಹಿಡಿದುಕೊಂಡೇ ಎದ್ದು ಹೋಗಿ ಮೀಟಿಂಗ್ ಕೋಣೆ ನೋಡಿ ಬಂದ. ದಿನಾ ಕುರ್ಚಿ ಹಾಕಿಸುವ ಕೋಣೆಯಲ್ಲಿ ಕಿಟಕಿ ಯಾವ ಗೋಡೆಗಿದೆ ಎಂಬುದು ಅವನಿಗೆ ನೆನಪೇ ಇರಲಿಲ್ಲ.

“ಇನ್ನೊಂದು,” ಎಂದರು ಅವರು. “ನಾವು ಆಗಬಹುದಾ ಅಂತ ನಿಮ್ಮ ಮೇಸ್ತ್ರಿಯವರನ್ನ ಕೇಳಿದ್ರಾ?”

ಕೇಳಿರಲಿಲ್ಲ. ಮೈಕು ತರಿಸುವಾಗ ಭಾಷಣ ಮಾಡುವವರನ್ನು ಯಾರು ಕೇಳುತ್ತಾರೆ? “ವಿಡಿಯೋ ಕರೆ ಮಾಡಿ, ನಾನೇ ಮಾತಾಡ್ತೀನಿ,” ಎಂದರು ಆ ಹೆಂಗಸು.

ಮಧ್ಯಾಹ್ನ ಊಟದ ಹೊತ್ತಿಗೆ ಏರ್ಪಾಡು ಕೆಳಗೆ ಹೋಗಿ, ಟವೆಲು ಒಣಗಿಸುವ ಜಾಗದ ಪಕ್ಕ ಬೆಂಚಿನ ಮೇಲೆ ಕೂತಿದ್ದ ಮೇಸ್ತ್ರಿಯ ಮುಂದೆ ಮೊಬೈಲ್ ಹಿಡಿದ. ಪರದೆಯ ಮೇಲೆ ದಪ್ಪ ಕನ್ನಡಕದ, ಕಪ್ಪು ಅಂಗಿಯ ಹೆಂಗಸು. ಮೇಸ್ತ್ರಿ ಎರಡೂ ಕೈ ಬಳಸುವವರು, ಅವರು ಫೋನ್ ಹಿಡಿಯುವಂತಿಲ್ಲ. ಹೀಗಾಗಿ ಏರ್ಪಾಡು ಸ್ಟ್ಯಾಂಡ್ ಆದ. ಎರಡು ನಿಮಿಷದ ಕೆಲಸ ಅಂದುಕೊಂಡಿದ್ದ, ಅವರಿಬ್ಬರೂ ನೆಂಟರ ಮನೆಯಲ್ಲಿ ಸಿಕ್ಕವರಂತೆ ಕೂತುಬಿಟ್ಟರು. ಮೇಸ್ತ್ರಿ ಓದಿದ ಕಿವುಡರ ಶಾಲೆ ಯಾವುದು, ಹಾಸ್ಟೆಲಿನಲ್ಲಿ ಯಾರಿದ್ದರು, ಅವರು ಈಗೆಲ್ಲಿದ್ದಾರೆ — ಇಂಥದೇ ಏನೋ ಇರಬೇಕು ಎಂದು ಅವನ ಊಹೆ, ಏಕೆಂದರೆ ಒಂದಕ್ಷರವೂ ತಿಳಿಯಲಿಲ್ಲ. ಕೈ ಸೋತು ಫೋನ್ ಸ್ವಲ್ಪ ಕೆಳಗಿಳಿದಾಗ ಮೇಸ್ತ್ರಿ ನೋಡದೆಯೇ ಅವನ ಮೊಣಕೈಯನ್ನು ಮೇಲಕ್ಕೆ ಎತ್ತಿ ನಿಲ್ಲಿಸಿ ಮಾತು ಮುಂದುವರಿಸಿದರು. ಒಮ್ಮೆ ಇಬ್ಬರೂ ಅವನ ಕಡೆ ನೋಡಿ ನಕ್ಕರು. ತನ್ನ ವಿಷಯವೇ ಇರಬೇಕು. ಏನೆಂದು ಗೊತ್ತಾಗದೆ ಅವನಿಗೆ ಆ ರಾತ್ರಿ ಊಟ ಸೇರಲಿಲ್ಲ.

“ಏನಾಯ್ತೋ?” ಎಂದಳು ಅಮ್ಮ.

“ನನ್ನ ಬಗ್ಗೆ ಏನೋ ಅಂದ್ರು.”

“ಯಾರು?”

“ನಮ್ಮ ಮೇಸ್ತ್ರಿ.”

“ಅವರಿಗೆ ಮಾತು ಬರಲ್ಲ ಅಂದಿದ್ಯಲ್ಲೋ!”

ಅವನಿಗೂ ಅದೇ ಆಶ್ಚರ್ಯ. ಇಷ್ಟು ದಿನ ಎದುರು ಸಿಕ್ಕಾಗ ಹಲ್ಲು ಕಿರಿದು ಹೋಗುತ್ತಿದ್ದ ಮನುಷ್ಯನ ಹತ್ತಿರ ಅಷ್ಟೊಂದು ಮಾತು ಇತ್ತೆಂದರೆ, ಅದೆಲ್ಲ ಇಷ್ಟು ವರ್ಷ ಎಲ್ಲಿಗೆ ಹೋಗುತ್ತಿತ್ತು?

ಬುಧವಾರ ಏರ್ಪಾಡು ಕೋಣೆಯನ್ನು ಮದುವೆ ಮನೆಯಂತೆ ಸಿಂಗರಿಸಿದ. ದುಭಾಷಿಗಳಿಗೆ ಕಿಟಕಿಯ ಪಕ್ಕದ ಮೆತ್ತನೆಯ ಕುರ್ಚಿ, ಮೇಸ್ತ್ರಿಗೆ ಧೈರ್ಯವಿರಲೆಂದು ಅವರ ಮಗ್ಗುಲಲ್ಲೇ ಜಾಗ. ಕನ್ನಡಕದ ಹೆಂಗಸು ಮೊದಲೇ ಬಂದರು. ಜೊತೆಗೆ ದಪ್ಪ ಹೊಟ್ಟೆಯ, ನಿದ್ದೆಗಣ್ಣಿನ ಒಬ್ಬ ಹಿರಿಯರು. ಇಬ್ಬರದೂ ಕಪ್ಪು ಅಂಗಿ — ಕೈ ಎದ್ದು ಕಾಣಲಿ ಎಂದು. ಬಂದವರೇ ಒಮ್ಮೆ ಸುತ್ತ ನೋಡಿ ಅವನ ಏರ್ಪಾಡನ್ನೆಲ್ಲ ಕಿತ್ತುಹಾಕಿದರು.

“ಕಿಟಕಿಗೆ ಬೆನ್ನು ಹಾಕಿ ಕೂತರೆ ನಾವು ಬರೀ ನೆರಳಾಗಿ ಕಾಣ್ತೀವಿ. ಮಗ್ಗುಲಲ್ಲಿ ಕೂತರೆ ಅವರು ಪ್ರಶ್ನೆ ಕೇಳೋರ ಮುಖ ನೋಡ್ತಾರೋ, ನಮ್ಮ ಕೈ ನೋಡ್ತಾರೋ? ನಮ್ಮ ಕುರ್ಚಿ ಪ್ರಶ್ನೆ ಕೇಳೋರ ಪಕ್ಕ, ಮೇಸ್ತ್ರಿಯವರದು ಎದುರಿಗೆ.”

ಕುರ್ಚಿ ಹಾಕುವುದೊಂದೇ ತನಗೆ ಬರುವ ವಿದ್ಯೆ ಎಂದು ನಂಬಿದ್ದವನಿಗೆ ಅದೂ ಬರುವುದಿಲ್ಲ ಎಂದಾಯಿತು.

ದೊಡ್ಡಾಫೀಸಿನಿಂದ ಬಂದವರು ಟೈ ಕಟ್ಟಿದ, ಗಡಿಯಾರ ನೋಡುವ ಚಟದ ಒಬ್ಬ ಅಧಿಕಾರಿ. ಮ್ಯಾನೇಜರಮ್ಮ ಅವರ ಎಡಕ್ಕೆ, ಕನ್ನಡಕದ ದುಭಾಷಿ ಬಲಕ್ಕೆ. ನಿದ್ದೆಗಣ್ಣಿನ ಹಿರಿಯರು ತುಸು ಹಿಂದೆ, ತಮ್ಮ ಸರದಿಗೆ ಕಾಯುತ್ತ. ಏರ್ಪಾಡು ಮೂಲೆಯಲ್ಲಿ ಪ್ರೊಜೆಕ್ಟರಿನ ಪಕ್ಕ. ಬಾಗಿಲಿನ ಗಾಜಿನ ಹೊರಗೆ ಡ್ರೈವರ್ ನಿಂತಿದ್ದ. ಬೇಡ ಅಂದಿದ್ದು ಒಳಗೆ ಬರುವುದು ಬೇಡ ಅಂತ ತಾನೇ, ಹೊರಗೆ ನಿಲ್ಲಬೇಡ ಅಂದಿರಲಿಲ್ಲ. ಅವನ ಹಿಂದೆ ಇಸ್ತ್ರಿ ವಿಭಾಗದ ಹೆಂಗಸರು. ಗಾಜಿನಾಚೆ ಮಾತು ಕೇಳಿಸದು, ಆದರೆ ಕೈ ಕಾಣುತ್ತದೆ. ಡ್ರೈವರ್ ನೋಡಿ ನೋಡಿ ಹೆಂಗಸರಿಗೆ ಪಂದ್ಯದ ವೀಕ್ಷಕ ವಿವರಣೆ ಕೊಡುತ್ತಿದ್ದ.

ಅಧಿಕಾರಿ ಗಂಟಲು ಸರಿಮಾಡಿಕೊಂಡು ದುಭಾಷಿಯ ಕಡೆ ತಿರುಗಿದರು. “ಇವರು ಎಷ್ಟು ವರ್ಷದಿಂದ ಇಲ್ಲಿದ್ದಾರೆ ಅಂತ ಕೇಳಮ್ಮ.”

ಅವರ ಕೈ ಆಡಿತು. ಮೇಸ್ತ್ರಿಯ ಕೈ ಉತ್ತರ ಕೊಟ್ಟಿತು. ಜೊತೆಜೊತೆಗೇ ದುಭಾಷಿಯ ಬಾಯಿ ತೆರೆಯಿತು:

“ಯಾರನ್ನ ಕೇಳಬೇಕು ಸಾರ್? ನಾನು ನಿಮ್ಮೆದುರಿಗೇ ಕೂತಿದ್ದೀನಲ್ಲ. ನೀವು ಟೈ ಕಟ್ಟೋದು ಕಲಿಯೋಕೆ ಮೊದಲಿಂದ ಇಲ್ಲಿದ್ದೀನಿ.”

ಏರ್ಪಾಡು ಬಿಟ್ಟ ಬಾಯಿ ಬಿಟ್ಟಂತೆ ಕೂತ. ಫೋನಿನಲ್ಲಿ ಮರಳುಗಾಡಿನಂತಿದ್ದ ಹೆಂಗಸು! ದುಭಾಷಿ ‘ನಾನು’ ಅಂದರೆ ಅದು ಮೇಸ್ತ್ರಿಯೇ ಅಂದ ಹಾಗೆ ಎಂದು ಅವರು ಬೆಳಗ್ಗೆ ಎಲ್ಲರಿಗೂ ತಿಳಿಸಿದ್ದರು. ಅವನಿಗದು ಅರ್ಥವೂ ಆಗಿತ್ತು. ಆದರೆ ಇಷ್ಟು ವರ್ಷ ಡ್ರೈವರನ ಬಾಯಲ್ಲಿ ‘ಸರಿಯಂತೆ’, ‘ಆಗಲಂತೆ’ ಎಂದಷ್ಟೇ ಕೇಳಿದ್ದ ಮೇಸ್ತ್ರಿಯ ಮಾತು ಹೀಗಿರಲು ಹೇಗೆ ಸಾಧ್ಯ? ಮೇಸ್ತ್ರಿ ಏನೋ ಒಂದು ಬಡಪಾಯಿ ಉತ್ತರ ಕೊಟ್ಟಿರುತ್ತಾರೆ, ಈಯಮ್ಮ ಅದಕ್ಕೆ ಉಪ್ಪು ಖಾರ ಹಾಕುತ್ತಿದ್ದಾರೆ ಎಂದು ಅವನು ತೀರ್ಮಾನಿಸಿದ.

“ನಿಮ್ಮ ಭಾವಮೈದ ಇಷ್ಟು ದಿನ ಚೆನ್ನಾಗೇ ಹೇಳ್ತಿದ್ದರಲ್ಲ, ಅವರು ಯಾಕೆ ಬೇಡ?” ಎಂದರು ಮ್ಯಾನೇಜರಮ್ಮ, ಈ ಸಲ ಮೇಸ್ತ್ರಿಯನ್ನೇ ನೋಡುತ್ತ.

“ಅವನು ಒಳ್ಳೆಯವನು ಮೇಡಂ. ಲಾಂಡ್ರಿಯವನಲ್ವಾ, ನನ್ನ ಬೈಗುಳವನ್ನೆಲ್ಲ ತೊಳೆದು ಇಸ್ತ್ರಿ ಮಾಡಿ ನಿಮಗೆ ಕೊಡ್ತಾನೆ. ಹೋದ ಸಲ ನಾನು ಇದೇ ಕುರ್ಚಿಯಲ್ಲಿ ಕೂತು, ನಾನು ಕಲಿಸಿದವನಿಗೇ ನನ್ನ ಮೇಲಿನ ಜಾಗ ಕೊಡೋದು ಅನ್ಯಾಯ ಅಂತ ಕಾಲು ಗಂಟೆ ಹೇಳಿದೆ. ಇವನು ನಿಮಗೆ ಏನಂದ ಅಂತ ಆಮೇಲೆ ಗೊತ್ತಾಯ್ತು. ‘ಭಾವ ಶುಭಾಶಯ ಹೇಳ್ತಿದ್ದಾರೆ’ ಅಂದನಂತೆ.”

ಗಾಜಿನಾಚೆ ವೀಕ್ಷಕ ವಿವರಣೆ ಥಟ್ಟನೆ ನಿಂತಿತು. ಹೆಂಗಸರು ಡ್ರೈವರನ ಭುಜ ತಿವಿದು ತಿವಿದು ಕೇಳುತ್ತಿದ್ದರು.

ಇತ್ತ ಏರ್ಪಾಡಿಗೆ ದುಭಾಷಿಯ ಮೇಲಿಂದ ಕಣ್ಣು ಕೀಳಲಾಗುತ್ತಿಲ್ಲ. ಆ ದನಿ, ಆ ಮಾತಿನ ಏಟು, ಆ ಕನ್ನಡಕ. ಟೀ ಬಿಡುವಿನಲ್ಲಿ ಏನು ಮಾತಾಡಿಸಲಿ, ಬಿಸ್ಕತ್ತಿನ ತಟ್ಟೆ ಯಾವ ಕೈಯಲ್ಲಿ ಹಿಡಿಯಲಿ ಎಂಬ ಯೋಚನೆಯಲ್ಲಿದ್ದಾಗ ಅಧಿಕಾರಿ ಚಿಟಿಕೆ ಹೊಡೆದರು. “ಹೊಸ ಯಂತ್ರದ ವಿಡಿಯೋ ಹಾಕಪ್ಪ.”

ಪ್ರೊಜೆಕ್ಟರ್ ಹಾಕಿದರೆ ದೀಪ ಆರಿಸಬೇಕು, ಕಿಟಕಿಯ ಪರದೆ ಎಳೆಯಬೇಕು. ಅದು ಅವನ ಕೈಗೆ ಅಭ್ಯಾಸವಾದ ಕೆಲಸ. ಎದ್ದ, ಎಳೆದ, ಆರಿಸಿದ. ಕೋಣೆ ಕತ್ತಲಾಯಿತು. ಗೋಡೆಯ ಮೇಲೆ ಹೊಳೆಯುವ ರೋಲರು ತಿರುಗತೊಡಗಿತು, ಅಧಿಕಾರಿ ಕತ್ತಲಲ್ಲೇ ಅದರ ಗುಣಗಾನ ಶುರು ಮಾಡಿದರು. ದುಭಾಷಿಯ ಕೈ ಎಲ್ಲಿದೆಯೋ ದೇವರಿಗೇ ಗೊತ್ತು.

ದೀಪ ಹತ್ತಿತು. ಆರಿತು. ಹತ್ತಿತು. ಆರಿತು.

“ಏನಪ್ಪ ಇದು, ಕರೆಂಟಿಗೆ ಏನಾಯ್ತು?” ಎಂದರು ಅಧಿಕಾರಿ.

ಕರೆಂಟಿಗೆ ಏನೂ ಆಗಿರಲಿಲ್ಲ. ಗೋಡೆಯ ಸ್ವಿಚ್ಚಿನ ಬಳಿ ಮೇಸ್ತ್ರಿ ನಿಂತಿದ್ದರು. ನಾವು ಗಮನ ಸೆಳೆಯಲು ‘ಸ್ವಲ್ಪ ಇಲ್ಲಿ ನೋಡಿ’ ಅನ್ನುತ್ತೇವಲ್ಲ, ಕಿವುಡರು ದೀಪ ಮಿಣಮಿಣ ಮಾಡುತ್ತಾರೆ. ದೀಪ ಹತ್ತಿ ನಿಂತ ಮೇಲೆ ಅವರ ಕೈ ಆಡಿತು, ಕನ್ನಡಕದವರ ದನಿ ಬಂತು:

“ಕತ್ತಲಲ್ಲಿ ನೀವು ಎಷ್ಟು ಬೇಕಾದರೂ ಮಾತಾಡಬಹುದು ಸಾರ್. ನನ್ನ ಕಿವಿ ಇರೋದು ಬೆಳಕಲ್ಲಿ. ನನ್ನ ಇಂಟರ್‌ವ್ಯೂ ಅಂತ ಕರೆದು ನನ್ನನ್ನೇ ಹೊರಗೆ ಹಾಕಿದ್ರೆ ಹೇಗೆ?”

ಏರ್ಪಾಡು ಓಡಿಹೋಗಿ ಕಿಟಕಿಯ ಪರದೆ ಸರಿಸಿದ. ದೀಪ ಆರಿಸಿದ್ದು ತಾನು. ಇಷ್ಟೆಲ್ಲ ಹೇಳಿಸಿಕೊಂಡು, ಕಿಟಕಿ ಅಳೆದು, ಕುರ್ಚಿ ಸರಿಸಿ, ಕೊನೆಗೆ ಕತ್ತಲು ಮಾಡಿ ಕೂತ ಮಹಾನುಭಾವ ತಾನು. ಅಧಿಕಾರಿಯ ಮುಖ ಕೆಂಪಾಗಿತ್ತು. ಆದರೆ ಅವರು ಸಿಟ್ಟಾಗಿದ್ದು ಮೇಸ್ತ್ರಿಯ ಮೇಲೂ ಅಲ್ಲ, ಏರ್ಪಾಡಿನ ಮೇಲೂ ಅಲ್ಲ.

“ನೋಡಮ್ಮ, ನೀವು ಅವರು ಹೇಳಿದ್ದನ್ನಷ್ಟೇ ಹೇಳಬೇಕು,” ಎಂದು ದುಭಾಷಿಗೆ ಗದರಿದರು. ಆಮೇಲೆ ಮ್ಯಾನೇಜರಮ್ಮನ ಕಿವಿಯ ಬಳಿ ಬಾಗಿ ತಗ್ಗಿದ ದನಿಯಲ್ಲಿ, “ಇದು ಆಗೋ ಹೋಗೋ ಕೆಲಸ ಅಲ್ಲ. ಆ ಮನುಷ್ಯ ಪಾಪ ಸಾಧು. ಈಯಮ್ಮಂದೇ ಬಾಯಿ ಜೋರು. ಇಂಥೋರನ್ನ ಕಟ್ಟಿಕೊಂಡು ತರಬೇತಿ ನಡೆಸೋಕಾಗುತ್ತಾ? ಬೇರೆ ಯಾರನ್ನಾದ್ರೂ ನೋಡಿ” ಎಂದರು.

ಕೋಣೆಯಲ್ಲಿ ಆಡಿದ ಯಾವ ಮಾತನ್ನೂ ದುಭಾಷಿ ಬಿಡುವಂತಿಲ್ಲ. ತಗ್ಗಿದ ದನಿಯಾದರೂ ಪಕ್ಕದಲ್ಲೇ ಕೂತವರಿಗೆ ಕೇಳಿಸಿತ್ತು. ಕನ್ನಡಕದ ಹೆಂಗಸು ಮುಖದ ಒಂದು ಗೆರೆಯೂ ಅಲುಗದಂತೆ ಎಲ್ಲವನ್ನೂ ಕೈಯಲ್ಲಿ ಹೇಳಿದರು: ಆಗೋ ಹೋಗೋ ಕೆಲಸ ಅಲ್ಲ, ಪಾಪ, ಸಾಧು. ‘ಈಯಮ್ಮಂದೇ ಬಾಯಿ ಜೋರು’ ಎಂದಾಗ ತಮ್ಮನ್ನೇ ತೋರಿಸಿಕೊಂಡು ಐದೂ ಬೆರಳು ಪಟಪಟ ಆಡಿಸಿದರು. ‘ಬೇರೆ ಯಾರನ್ನಾದ್ರೂ ನೋಡಿ’ ಎಂಬುದನ್ನೂ ಬಿಡಲಿಲ್ಲ. ಅದನ್ನು ನೋಡಿ ಮೇಸ್ತ್ರಿ ಗಹಗಹಿಸಿ ನಕ್ಕರು. ಅವರ ನಗುವಿಗೆ ಸದ್ದಿತ್ತು. ಆ ಸದ್ದನ್ನು ಅಲ್ಲಿ ಯಾರೂ ಅದುವರೆಗೆ ಕೇಳಿರಲಿಲ್ಲ. ನಕ್ಕು ಮುಗಿದ ಮೇಲೆ ಮುಖ ಗಂಭೀರವಾಯಿತು, ಕೈ ಎತ್ತಿದರು.

ಅದೇ ಹೊತ್ತಿಗೆ ಸರದಿ ಬದಲಾಯಿತು. ಹೆಂಗಸು ಎದ್ದರು, ನಿದ್ದೆಗಣ್ಣಿನ ಹಿರಿಯರು ಅವರ ಜಾಗದಲ್ಲಿ ಕೂತರು. ಹೊಟ್ಟೆಯೊಳಗಿಂದ ಬರುವ, ಆಕಳಿಸುವಂಥ ದಪ್ಪ ದನಿ:

“ಬಾಯಿ ಜೋರು ಆಯಮ್ಮಂದಲ್ಲ ಸಾರ್, ನಂದು. ಹುಟ್ಟಿದಾಗಿಂದ ಜೋರೇ. ನಿಮಗೆ ಈಗ ಕೇಳಿಸ್ತಿದೆ, ಅಷ್ಟೇ. ಆಯಮ್ಮನ ಮೇಲೆ ಯಾಕೆ ಹರಿಹಾಯ್ತೀರಿ? ಬೈಯೋದಿದ್ರೆ ನನ್ನನ್ನ ಬೈರಿ, ಲೆಕ್ಕ ಸರಿಹೋಗುತ್ತೆ.”

ಏರ್ಪಾಡು ಕನ್ನಡಕದವರನ್ನು ನೋಡಿದ. ಅವರು ಹಿಂದಿನ ಕುರ್ಚಿಯಲ್ಲಿ ಕೂತು ಮಣಿಕಟ್ಟು ನೀವಿಕೊಳ್ಳುತ್ತ ನೀರು ಕುಡಿಯುತ್ತಿದ್ದರು. ದನಿ ಬದಲಾಗಿತ್ತು, ಕುರ್ಚಿ ಬದಲಾಗಿತ್ತು, ಗಂಡು ಹೆಣ್ಣೇ ಬದಲಾಗಿತ್ತು. ಏಟು ಮಾತ್ರ ಅದೇ. ಹಾಗಾದರೆ ಇಷ್ಟು ಹೊತ್ತು ತಾನು ಮನಸೋತದ್ದು ಯಾರ ಮಾತಿಗೆ? ಎದುರಿಗೆ, ನರೆತ ಮೀಸೆಯ, ತೋಳು ಮಡಚಿದ ಇಸ್ತ್ರಿ ಮೇಸ್ತ್ರಿ ಕೂತಿದ್ದರು. ಏರ್ಪಾಡಿಗೆ ಕಿವಿಯ ತುದಿಯವರೆಗೂ ನಾಚಿಕೆಯಾಯಿತು. ಬಿಸ್ಕತ್ತಿನ ತಟ್ಟೆಯ ಯೋಜನೆ ಯಾರಿಗೂ ಗೊತ್ತಿಲ್ಲವಲ್ಲ ಎಂಬುದೊಂದೇ ಸಮಾಧಾನ.

ಅಧಿಕಾರಿ ಟೈ ಸಡಿಲಿಸಿದರು. ಅವರಿಗೂ ಈಗ ಅದೇ ಗೊಂದಲ: ಸಿಟ್ಟು ಯಾರ ಮೇಲೆ ಮಾಡಬೇಕು? ನಿದ್ದೆಗಣ್ಣಿನವರ ಮೇಲೆ ಮಾಡುವಂತಿಲ್ಲ, ಆ ಮುಖಕ್ಕೂ ಆ ಮಾತಿಗೂ ಸಂಬಂಧವೇ ಇಲ್ಲ. ಕೊನೆಗೆ ಅವರು ಮೊದಲ ಬಾರಿಗೆ ಮೇಸ್ತ್ರಿಯ ಕಡೆ ನೇರ ನೋಡಿ ಕೇಳಿದರು.

“ಸರಿ ಮೇಸ್ತ್ರಿಗಳೇ. ಹೊಸ ಹುಡುಗರು ಬಿಸಿ ರೋಲರಿನ ಹತ್ತಿರ ಕೈ ಇಡ್ತಾರೆ ಅಂತಿಟ್ಕೊಳ್ಳಿ. ನೀವು ಆ ಕಡೆ ಇರ್ತೀರಿ. ‘ಏಯ್, ಹುಷಾರು’ ಅಂತ ಕೂಗೋಕೆ ನಿಮಗಾಗಲ್ಲ. ಆಗೇನು ಮಾಡ್ತೀರಿ?”

ಇದು ಕುಹಕವಲ್ಲ, ನಿಜವಾದ ಪ್ರಶ್ನೆ. ಹಿಂದಿನ ಎರಡು ಸಲ ಇದೇ ಅನುಮಾನ ಯಾರ ಬಾಯಿಂದಲೂ ಹೊರಗೆ ಬರದೆ, ಜಾಗವನ್ನು ಸದ್ದಿಲ್ಲದೆ ಬೇರೆಯವರಿಗೆ ದಾಟಿಸಿತ್ತು.

“ನೀವು ಕೆಳಗೆ ನಿಂತು ಯಾವತ್ತಾದ್ರೂ ಕೂಗಿದ್ದೀರಾ ಸಾರ್?” ಎಂದಿತು ದಪ್ಪ ದನಿ. “ಅಲ್ಲಿ ಕಿವಿ ಇದ್ದೋರ ಕೂಗೂ ಯಾರಿಗೂ ಕೇಳಿಸಲ್ಲ. ನಾನು ಒದ್ದೆ ಟವೆಲ್ ಎಸೀತೀನಿ. ನೀರು ಹಿಂಡದ ಟವೆಲು ಬೆನ್ನಿಗೆ ಬಿದ್ರೆ ಯಾವ ಭಾಷೆಯವನೂ ತಿರುಗಿ ನೋಡ್ತಾನೆ.”

ಮ್ಯಾನೇಜರಮ್ಮ ಕರವಸ್ತ್ರ ಬಾಯಿಗೆ ಒತ್ತಿಕೊಂಡರು. “ನನಗೂ ಬಿದ್ದಿದೆ ಸಾರ್, ಸೇರಿದ ಹೊಸದರಲ್ಲಿ,” ಎಂದರು. ಅಧಿಕಾರಿಯ ತುಟಿ ಅದುರಿತು, ತಡೆದುಕೊಂಡರು, ಆಗಲಿಲ್ಲ. ಮೇಸ್ತ್ರಿಯನ್ನು ನೋಡಿಕೊಂಡೇ ನಕ್ಕರು.

ಆಮೇಲಿನ ಮಾತು ಕೆಲಸದ ದಾರಿ ಹಿಡಿಯಿತು. ದಿನಾ ಇಬ್ಬರು ದುಭಾಷಿಗಳನ್ನು ಎಲ್ಲಿಂದ ತರುವುದು ಎಂಬುದು ಮ್ಯಾನೇಜರಮ್ಮನ ಚಿಂತೆ. ಮೊದಲ ವಾರ ಬರಲಿ, ನಿಯಮ ಹೇಳುವಾಗ, ಪ್ರಶ್ನೆ ಕೇಳುವಾಗ ಅವರಿಲ್ಲದೆ ಆಗದು, ಆಮೇಲೆ ವಾರಕ್ಕೊಂದು ಸಲ ಸಾಕು, ಉಳಿದಂತೆ ರೋಲರಿನ ಮುಂದೆ ಹೊಸಬರ ಕೈಯನ್ನು ತನ್ನ ಕೈ ಕಲಿಸುತ್ತದೆ ಎಂದು ಮೇಸ್ತ್ರಿ. ಒಂದು ವಾರ ಸಾಲದು, ಎರಡು ವಾರ ಬೇಕು ಎಂದು ಮ್ಯಾನೇಜರಮ್ಮನೇ ಹಟ ಹಿಡಿದರು. ಕೊನೆಗೆ ಅಧಿಕಾರಿ ಗಡಿಯಾರ ನೋಡಿ, ಎದ್ದು, ಮೇಜಿನ ಮೇಲಿಂದ ಮೇಸ್ತ್ರಿಯ ಕಡೆ ಕೈ ಚಾಚಿದರು. “ಒಂದು ತಂಡ ನಿಮಗೆ ಬಿಡ್ತೀನಿ. ಅವರು ಸರಿಯಾಗಿ ತಯಾರಾದ್ರೆ ಜಾಗ ಖಾಯಂ. ಸೋಮವಾರದಿಂದ ಶುರು ಮಾಡಿ.”

ಮೇಸ್ತ್ರಿ ಆ ಕೈಯನ್ನು ಹಿಡಿದವರು ಸ್ವಲ್ಪ ಹೊತ್ತು ಬಿಡಲಿಲ್ಲ. ಕೈ ಬಿಟ್ಟರೆ ತಾನೇ ಮಾತಾಡಬೇಕಾದೀತು.

ಅಧಿಕಾರಿ, ಮ್ಯಾನೇಜರಮ್ಮ ಹೊರಟ ಮೇಲೆ ಕಾರಿಡಾರಿನಲ್ಲಿ ಭಾವ ಬಾಮೈದ ಎದುರುಬದುರಾದರು. ಇಸ್ತ್ರಿಯ ಹೆಂಗಸರು ಗೋಡೆಗೆ ಒತ್ತಿ ನಿಂತು ಜಾಗ ಬಿಟ್ಟರು. ಡ್ರೈವರನ ಕೈ ಮೊದಲು ಎದ್ದಿತು. ಜೋರಾಗಿ, ಅಡ್ಡಾದಿಡ್ಡಿ. ಮೇಸ್ತ್ರಿಯ ಕೈ ಅದಕ್ಕಿಂತ ಜೋರಾಗಿ. ಯಾರ ಸರದಿ ಎನ್ನುವುದಿಲ್ಲದೆ ಇಬ್ಬರೂ ಒಟ್ಟಿಗೇ ಮಾತಾಡುತ್ತಿದ್ದರು. ಕಿವುಡರ ಜಗಳದಲ್ಲಿ ಅದಕ್ಕೆ ಅಡ್ಡಿಯಿಲ್ಲ, ನಿಮ್ಮದು ಹೇಳುತ್ತಲೇ ಎದುರಿನವರದನ್ನು ನೋಡಬಹುದು. ಡ್ರೈವರನ ಕಣ್ಣಲ್ಲಿ ನೀರಿತ್ತು.

ಏರ್ಪಾಡು ತಡೆಯಲಾರದೆ ಚೀಲ ಹೆಗಲಿಗೇರಿಸುತ್ತಿದ್ದ ಕನ್ನಡಕದವರ ಬಳಿ ಸರಿದ. “ಏನಂತಿದ್ದಾರೆ ಮೇಡಂ?”

“ನನ್ನ ಕೆಲಸ ಮುಗೀತು,” ಎಂದರು ಅವರು. “ಅದು ಅವರ ಮನೆ ಮಾತು.”

“ಒಂದೇ ಒಂದು...”

“ಬೇರೆಯವರು ಮಾತಾಡೋವಾಗ ಬಾಗಿಲಿಗೆ ಕಿವಿ ಕೊಡ್ತೀರಾ?”

“ಕೊಡ್ತೀನಿ,” ಎಂದ ಏರ್ಪಾಡು, ಸುಳ್ಳು ಹೇಳಲಾಗದೆ.

ಅವರು ಅವತ್ತು ಮೊದಲ ಬಾರಿಗೆ ತಮ್ಮದೇ ನಗು ನಕ್ಕು ಮೆಟ್ಟಿಲಿಳಿದು ಹೋದರು.

ಜಗಳ ಹೇಗೋ ತಣ್ಣಗಾಯಿತು. ಮೇಸ್ತ್ರಿ ನಿಧಾನವಾಗಿ, ಬಹಳ ಹೊತ್ತು, ಡ್ರೈವರನೊಬ್ಬನಿಗೇ ಕಾಣುವಂತೆ ಎದೆಯ ಹತ್ತಿರ ಕೈ ಇಟ್ಟುಕೊಂಡು ಏನೋ ಹೇಳಿದರು. ಡ್ರೈವರ್ ತೋಳಿನಿಂದ ಮೂಗು ಒರೆಸಿಕೊಂಡ.

“ಏನಂದ್ರು ಮಾರಾಯ?” ಎಂದು ಏರ್ಪಾಡು ಅವನನ್ನೇ ಕೇಳಿದ.

“ಏನಿಲ್ಲ,” ಎಂದ ಡ್ರೈವರ್. “ಚೆನ್ನಾಗಿರು ಅಂದ್ರು.”

ಅಷ್ಟರಲ್ಲಿ ಮೇಸ್ತ್ರಿ ಏರ್ಪಾಡಿನ ಕಡೆ ತಿರುಗಿ ಬೆರಳಿಂದ ಅವನ ಎದೆ ತಟ್ಟಿದರು. ಆಮೇಲೆ ಕೈಯಲ್ಲಿ ಏನೋ ಹೇಳಿದರು. ಡ್ರೈವರ್ ಅಭ್ಯಾಸದ ಮೇಲೆ ಬಾಯಿ ತೆರೆದ, ಮೇಸ್ತ್ರಿ ಅವನ ಮುಖದ ಮುಂದೆ ಅಂಗೈ ಅಡ್ಡ ಹಿಡಿದರು. ಮತ್ತೆ ಏರ್ಪಾಡಿಗೇ ಹೇಳಿದರು, ಈ ಸಲ ನಿಧಾನವಾಗಿ. ಎರಡು ಬೆರಳು ಮಡಚಿ ಇನ್ನೆರಡು ಬೆರಳ ಮೇಲೆ ಕೂರಿಸಿದರು. ಕೂರುವುದು? ಕುರ್ಚಿ! ಸೋಮವಾರದ ಹೊಸಬರಿಗೆ ಇರಬೇಕು. ಏರ್ಪಾಡು ತಲೆಯಾಡಿಸಿದ. ಆಮೇಲೆ ಎರಡೂ ಕೈಯಿಂದ ಗಾಳಿಯಲ್ಲಿ ಒಂದು ಗೆರೆ ಎಳೆದರು, ಬಾಗಿದ ಗೆರೆ. ಏರ್ಪಾಡು ಕೋಣೆಗೆ ಓಡಿಹೋಗಿ ಎರಡು ಕುರ್ಚಿ ಎತ್ತಿ ಸಾಲಾಗಿ ಇಟ್ಟು ಹುಬ್ಬೇರಿಸಿದ. ಮೇಸ್ತ್ರಿ ಬಾಗಿಲಲ್ಲಿ ನಿಂತು ಅಲ್ಲ ಎಂದು ತಲೆಯಲ್ಲಾಡಿಸಿದರು. ಮೇಜಿನ ಸುತ್ತ ಇಟ್ಟ. ಅದೂ ಅಲ್ಲ. ಮೇಸ್ತ್ರಿ ಕೆನ್ನೆ ಉಬ್ಬಿಸಿ ಕಣ್ಣು ಮೇಲೆ ಮಾಡಿದರು. ಅದಕ್ಕೆ ದುಭಾಷಿ ಬೇಕಿರಲಿಲ್ಲ.

ಒಳಗೆ ಬಂದು, ಅವನ ಕೈಯಿಂದ ಕುರ್ಚಿ ಕಿತ್ತುಕೊಂಡು, ಕಿಟಕಿಯ ಬೆಳಕು ಮುಖಕ್ಕೆ ಬೀಳುವಂತೆ ಒಂದನ್ನು ಇಟ್ಟರು. ಅದರ ಪಕ್ಕ ಸ್ವಲ್ಪ ಓರೆಯಾಗಿ ಇನ್ನೊಂದು. ಅದರಾಚೆ ಮತ್ತೂ ಓರೆಯಾಗಿ ಮತ್ತೊಂದು. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವಂತೆ ಸಾಲು ಬಾಗುತ್ತ ಹೋಯಿತು. ನಾಲ್ಕನೆಯದನ್ನು ಏರ್ಪಾಡು ತಾನೇ ಇಟ್ಟು, ಹಿಂದೆ ಸರಿದು, ಅವರ ಮುಖ ನೋಡಿದ. ಮೇಸ್ತ್ರಿ ಒಂದು ಕಣ್ಣು ಮುಚ್ಚಿ ಗೆರೆ ನೋಡಿದರು, ಕಾಲಿನಿಂದ ಕುರ್ಚಿಯನ್ನು ಬೆರಳಗಲ ಸರಿಸಿದರು, ಐದನೆಯದಕ್ಕೆ ಕೈ ತೋರಿಸಿದರು.